ಗುಜರಿಯಿಂದ ಎದ್ದು ಬಂದ ಕೀಲಿಮಣೆ

ಗಣಕಯಂತ್ರದ ಮುಂದೆ ಕುಳಿತವನ ಕಣ್ಣು ಪರದೆಯ ಮೇಲಿರುತ್ತದೆ. ಕೈ ಮಾತ್ರ ದಿನವಿಡೀ ಕೀಲಿಮಣೆಯ ಮೇಲಿರುತ್ತದೆ. ಹೀಗಿದ್ದರೂ ಯಂತ್ರವನ್ನು ಕೊಳ್ಳುವಾಗ ಎಲ್ಲಕ್ಕಿಂತ ಕಡೆಯಲ್ಲಿ ವಿಚಾರಿಸುವುದು, ಅಥವಾ ವಿಚಾರಿಸದೆಯೇ ಬಿಡುವುದು, ಈ ಕೀಲಿಮಣೆಯನ್ನೇ. ಅಂಗಡಿಯವನು ಜೊತೆಗೆ ಕೊಟ್ಟದ್ದನ್ನು ತಂದು ಮೇಜಿನ ಮೇಲಿಡುವುದು ರೂಢಿ. ಎರಡು ಮೂರು ವರ್ಷಗಳಲ್ಲಿ ಅದರ ಮೇಲಿನ ಅಕ್ಷರಗಳು ಮಾಸುತ್ತವೆ, ಒಂದೆರಡು ಕೀಲಿಗಳು ಮುಷ್ಕರ ಹೂಡುತ್ತವೆ. ಅದನ್ನು ಎಸೆದು ಇನ್ನೊಂದನ್ನು ತರುತ್ತಾರೆ. ರಿಪೇರಿಯ ಮಾತೇ ಏಳುವುದಿಲ್ಲ.

ಇಂಥ ಕಾಲದಲ್ಲಿ ಮೂವತ್ತು ನಲವತ್ತು ವರ್ಷ ಹಳೆಯ ಕೀಲಿಮಣೆಗಳನ್ನು ಗುಜರಿಯಲ್ಲಿ ಹುಡುಕಿ ತಂದು, ಬಿಚ್ಚಿ, ಒಂದೊಂದು ಕೀಲಿಯ ಕೆಳಗಿನ ಸ್ವಿಚ್ಚನ್ನೂ ತೊಳೆದು ಒಣಗಿಸಿ, ಆ ಬಿಡಿಭಾಗಗಳಿಂದಲೇ ತಮ್ಮ ಕೈಗೆ ಒಗ್ಗುವ ಹೊಸ ಕೀಲಿಮಣೆಯನ್ನು ಕಟ್ಟಿಕೊಳ್ಳುವವರ ಬಳಗವೊಂದು ಲೋಕದಲ್ಲಿ ಬೆಳೆದಿದೆ ಎಂದರೆ ಕೆಲವರಿಗೆ ನಗು ಬಂದೀತು. ಅಮೆರಿಕದಲ್ಲಿ, ಯೂರೋಪಿನಲ್ಲಿ, ಜಪಾನು ಕೊರಿಯಗಳಲ್ಲಿ ಇಂಥವರು ಬಹಳ; ನಮ್ಮ ದೇಶದಲ್ಲಿಯೂ ಇದ್ದಾರೆ. ಸಾವಿರಾರು ರೂಪಾಯಿಗಳನ್ನೂ ಹತ್ತಾರು ಭಾನುವಾರಗಳನ್ನೂ ನುಂಗುವ ಈ ಹವ್ಯಾಸವನ್ನು ಹುಚ್ಚೆಂದು ಕರೆದರೆ ಅವರು ಬೇಸರಪಡುವುದಿಲ್ಲ. ಆದರೆ ಆ ಹುಚ್ಚಿನ ಹಿಂದೆ ಒಂದು ನ್ಯಾಯವಾದ ಪ್ರಶ್ನೆಯಿದೆ. ಒಂದು ಕಾಲದಲ್ಲಿ ದೊಡ್ಡ ದೊಡ್ಡ ಕಾರ್ಖಾನೆಗಳು ಬೆರಳಿನ ಸುಖಕ್ಕಾಗಿ ಇಷ್ಟೊಂದು ಶ್ರಮಪಟ್ಟಿದ್ದುದಾದರೂ ಏಕೆ? ಆಮೇಲೆ ಅದನ್ನು ಕೈಬಿಟ್ಟುದು ಏಕೆ?

ಇದಕ್ಕೆ ಉತ್ತರ ಬೇಕಾದರೆ ಬೆರಳಚ್ಚು ಯಂತ್ರದ ಕಾಲಕ್ಕೆ ಹೋಗಬೇಕು. ಅಮೆರಿಕದ ಮಿಲ್ವಾಕಿಯ ಕ್ರಿಸ್ಟೋಫರ್ ಲೇಥಮ್ ಶೋಲ್ಸ್ ಮತ್ತು ಅವನ ಜೊತೆಗಾರರು 1868ರಲ್ಲಿ ತಮ್ಮ ಯಂತ್ರಕ್ಕೆ ಪೇಟೆಂಟ್ ಪಡೆದರು. ರೆಮಿಂಗ್ಟನ್ ಕಂಪನಿ ಅದನ್ನು ತಯಾರಿಸಿ 1874ರಲ್ಲಿ ಮಾರಾಟಕ್ಕೆ ತಂದಿತು. ಆ ಯಂತ್ರದಲ್ಲಿ ಕೀಲಿಯನ್ನು ಒತ್ತಿದ ಬೆರಳಿನ ಬಲವೇ ಸನ್ನೆಗೋಲುಗಳ ಮೂಲಕ ಸಾಗಿ ಅಚ್ಚಿನ ಮೊಳೆಯನ್ನು ಕಾಗದಕ್ಕೆ ಬಡಿಯುತ್ತಿತ್ತು. ಅಕ್ಷರ ಬಿದ್ದುದು ಕಣ್ಣಿಗೆ ಕಾಣುವ ಮೊದಲೇ ಬೆರಳಿಗೂ ಕಿವಿಗೂ ತಿಳಿಯುತ್ತಿತ್ತು. 1961ರಲ್ಲಿ ಬಂದ ಐಬಿಎಂ ಕಂಪನಿಯ ಸೆಲೆಕ್ಟ್ರಿಕ್ ಯಂತ್ರದಲ್ಲಿ ಬಡಿಯುವ ಕೆಲಸ ವಿದ್ಯುತ್ ಮೋಟಾರಿನದಾಗಿತ್ತು. ಬೆರಳಿನದು ಅಪ್ಪಣೆ ಮಾತ್ರ. ಗಣಕಯಂತ್ರ ಬಂದ ಮೇಲಂತೂ ಚಲಿಸುವ ಅಂಗವೇ ಇಲ್ಲವಾಯಿತು. ಕೀಲಿಯ ಕೆಳಗೆ ವಿದ್ಯುತ್ ಸಂಪರ್ಕ ಕೂಡಿಕೊಂಡರೆ ಸಾಕು, ಕೆಲಸ ಮುಗಿಯಿತು. ಶಾಸ್ತ್ರದ ಪ್ರಕಾರ ಅಲ್ಲಿ ಸದ್ದೂ ಬೇಡ, ತಡೆಯೂ ಬೇಡ.

ಆದರೆ ಬೆರಳಿಗೆ ಉತ್ತರ ಬೇಕು. ಗೋಡೆಯನ್ನು ಒತ್ತಿದಂತೆ ಕೀಲಿಯನ್ನು ಒತ್ತುತ್ತ ಹೋದರೆ ಅಕ್ಷರ ಬಿತ್ತೋ ಇಲ್ಲವೋ ಎಂಬ ಅನುಮಾನ ಕಾಡುತ್ತದೆ. ಅನುಮಾನವಿರುವ ಕೈ ಜೋರಾಗಿ ಒತ್ತುತ್ತದೆ, ಜೋರಾಗಿ ಒತ್ತಿದ ಕೈ ಬೇಗ ದಣಿಯುತ್ತದೆ. ಬೆರಳಚ್ಚಿನಲ್ಲಿ ಪಳಗಿದ ಗುಮಾಸ್ತರೇ ತಮ್ಮ ಗಿರಾಕಿಗಳಾಗಿದ್ದುದರಿಂದ ಐಬಿಎಂನವರಿಗೆ ಈ ಸಂಗತಿ ಚೆನ್ನಾಗಿ ಗೊತ್ತಿತ್ತು. ಅವರ ಎಂಜಿನಿಯರ್ ರಿಚರ್ಡ್ ಹಂಟರ್ ಹ್ಯಾರಿಸ್ ಎಂಬುವರು ಇದಕ್ಕೆ ಕಂಡುಹಿಡಿದ ಉಪಾಯಕ್ಕೆ 1978ರ ಅಕ್ಟೋಬರ್ ತಿಂಗಳಲ್ಲಿ ಪೇಟೆಂಟ್ ದೊರೆಯಿತು. ಅದು ಬಾಗುವ ಸ್ಪ್ರಿಂಗಿನ ಸ್ವಿಚ್ಚು.

ಅದರ ಸೊಗಸು ಅದರ ಸರಳತೆಯಲ್ಲಿದೆ. ಪ್ರತಿಯೊಂದು ಕೀಲಿಯ ಕೆಳಗೂ ಒಂದು ಕೊಳವೆ. ಕೊಳವೆಯೊಳಗೆ ನೆಟ್ಟಗೆ ನಿಂತ ಸಣ್ಣ ಸ್ಪ್ರಿಂಗು. ಸ್ಪ್ರಿಂಗಿನ ಬುಡದಲ್ಲಿ ಏತದಂತೆ ತೂಗುವ ಪುಟ್ಟ ಸುತ್ತಿಗೆ. ಕೀಲಿಯನ್ನು ಒತ್ತಿದಾಗ ಸ್ಪ್ರಿಂಗು ಮೊದಲು ಕುಗ್ಗುತ್ತ ಬೆರಳಿಗೆ ಎದುರು ಬಲ ಕೊಡುತ್ತದೆ. ಒಂದು ಹಂತದವರೆಗೆ ತಡೆಯುತ್ತದೆ. ಆಮೇಲೆ, ತಲೆಯ ಮೇಲೆ ಹೊರೆ ಹೆಚ್ಚಾದ ಬಿದಿರು ಗಳುವಿನಂತೆ, ತಟಕ್ಕನೆ ನಡುವಿನಲ್ಲಿ ಬಾಗಿಬಿಡುತ್ತದೆ. ಬಾಗಿದ ರಭಸಕ್ಕೆ ಬುಡದ ಸುತ್ತಿಗೆ ಹೊರಳಿ ಕೆಳಗಿನ ಸಂಪರ್ಕವನ್ನು ಕೂಡಿಸುತ್ತದೆ, ಸ್ಪ್ರಿಂಗು ಕೊಳವೆಯ ಗೋಡೆಗೆ ಬಡಿದು ಠಕ್ಕೆಂದು ಸದ್ದಾಗುತ್ತದೆ. ಬೆರಳಿಗೆ ತಡೆ ಸಡಿಲಿದ ಅನುಭವ, ಕಿವಿಗೆ ಸದ್ದು, ಯಂತ್ರಕ್ಕೆ ಅಕ್ಷರ ಮುಟ್ಟಿದ ಸೂಚನೆ, ಈ ಮೂರೂ ಹೆಚ್ಚು ಕಡಿಮೆ ಒಂದೇ ಕ್ಷಣದಲ್ಲಿ. ಬೆರಳು ಕೀಲಿಯ ತಳ ಮುಟ್ಟುವ ತನಕ ಒತ್ತಬೇಕಾದ ಅಗತ್ಯವೇ ಇಲ್ಲ. ತಂಬೂರಿಯ ತಂತಿಯ ಕೆಳಗೆ ಜೀವಾಳದ ನೂಲನ್ನು ಕೂದಲೆಳೆಯಷ್ಟು ಅತ್ತಿತ್ತ ಸರಿಸಿ ನಾದವನ್ನು ಹಿಡಿಯುವಂತೆ, ಇಲ್ಲಿಯೂ ಎಲ್ಲವೂ ಇರುವುದು ಆ ಸ್ಪ್ರಿಂಗಿನ ಉದ್ದ, ದಪ್ಪ, ನಿಲುವುಗಳಲ್ಲಿ.

1981ರ ಆಗಸ್ಟ್ 12ರಂದು ಐಬಿಎಂ ತನ್ನ ಮೊದಲನೆಯ ಪರ್ಸನಲ್ ಕಂಪ್ಯೂಟರನ್ನು ಹೊರತಂದಾಗ ಅದರೊಡನೆ ಬಂದ 83 ಕೀಲಿಗಳ ಕೀಲಿಮಣೆಯಲ್ಲಿ ಈ ಸ್ಪ್ರಿಂಗುಗಳಿದ್ದುವು. ಹವ್ಯಾಸಿಗಳ ಬಾಯಲ್ಲಿ ಅದರ ಹೆಸರು ಮಾಡೆಲ್ ಎಫ್. ಉಕ್ಕಿನ ತಗಡುಗಳನ್ನೊಳಗೊಂಡ ಅದನ್ನು ಒಂದು ಕೈಯಲ್ಲಿ ಎತ್ತಿದವರು ಎರಡನೆಯ ಕೈಯನ್ನೂ ಕೊಡುತ್ತಾರೆ. ಅದರ ಹಿಂದೆಯೇ, ತಯಾರಿಕೆಯ ವೆಚ್ಚವನ್ನು ತಗ್ಗಿಸಿ ಮಾಡಿದ ಮಾಡೆಲ್ ಎಂ 1985ರ ಸುಮಾರಿಗೆ ಬಂದಿತು. ಕೆಂಟಕಿ ರಾಜ್ಯದ ಲೆಕ್ಸಿಂಗ್ಟನ್ನಿನಲ್ಲಿಯೂ ಸ್ಕಾಟ್ಲೆಂಡಿನ ಗ್ರೀನಕ್ಕಿನಲ್ಲಿಯೂ ತಯಾರಾದ ಈ ಮಣೆಗಳು ಲೋಕದ ಕಚೇರಿಗಳನ್ನೆಲ್ಲ ತುಂಬಿದುವು. ಜಪಾನಿನ ಆಲ್ಪ್ಸ್ ಮತ್ತು ಅಮೆರಿಕನ್ ಮೂಲದ ಚೆರ್ರಿ ಎಂಬ ಕಂಪನಿಗಳು ಬೇರೆ ಬಗೆಯ ಸ್ವಿಚ್ಚುಗಳನ್ನು ಮಾಡಿ ಇತರ ತಯಾರಕರಿಗೆ ಮಾರಿದುವು. ಆಪಲ್ ಕಂಪನಿ 1987ರಲ್ಲಿ ತಂದ 105 ಕೀಲಿಗಳ ಎಕ್ಸ್‌ಟೆಂಡೆಡ್ ಕೀಲಿಮಣೆಯೊಳಗೆ ಇದ್ದುದು ಆಲ್ಪ್ಸ್ ಸ್ವಿಚ್ಚುಗಳೇ.

ಆಮೇಲೆ ನಡೆದುದನ್ನು ಹೇಳಲು ಹೆಚ್ಚು ಮಾತು ಬೇಡ. ಗಣಕಯಂತ್ರದ ಬೆಲೆ ಇಳಿಯುತ್ತ ಹೋಯಿತು, ಕೀಲಿಮಣೆಗೆ ಮೀಸಲಾದ ಹಣವೂ ಇಳಿಯಿತು. ನೂರು ಕೀಲಿಗೆ ನೂರು ಸ್ವಿಚ್ಚು ಇದ್ದ ಕಡೆ ಒಂದೇ ರಬ್ಬರ್ ಹಾಳೆ ಬಂದಿತು. ಹಾಳೆಯ ಮೇಲೆ ಇಡ್ಲಿ ತಟ್ಟೆಯನ್ನು ಬೋರಲು ಹಾಕಿದಂತೆ ನೂರು ಗುಬುಟುಗಳು. ಅಗ್ಗ, ಹಗುರ, ಮೌನ. ತಯಾರಕರನ್ನು ದೂರಿ ಫಲವಿಲ್ಲ. ಅಂಗಡಿಯಲ್ಲಿ ಬೆಲೆಯ ಚೀಟಿ ಕಾಣುತ್ತದೆ, ಸ್ಪರ್ಶ ಕಾಣುವುದಿಲ್ಲ.

ಗುಜರಿಯಲ್ಲಿ ಹುಡುಕುವವರು ಹುಡುಕುವುದು ಹೀಗೆ ಕಳೆದುಹೋದುದನ್ನು. ಮಾಡೆಲ್ ಎಂ ಸಿಕ್ಕವರ ಕಷ್ಟ ಹೆಚ್ಚಿನದಲ್ಲ. ಅದರ ಸ್ಪ್ರಿಂಗುಗಳು ಸಾಮಾನ್ಯವಾಗಿ ಕೆಡುವುದಿಲ್ಲ. ಕೆಡುವುದು, ಮೇಲಿನ ಹಲಗೆಯನ್ನು ಕೆಳಗಿನ ಉಕ್ಕಿನ ತಗಡಿಗೆ ಹಿಡಿದಿಡುವ ಪ್ಲಾಸ್ಟಿಕ್ ಮೊಳೆಗಳು. ಐವತ್ತಕ್ಕೂ ಮಿಕ್ಕಿದ ಆ ಮೊಳೆಗಳು ವಯಸ್ಸಾದಂತೆ ಒಂದೊಂದಾಗಿ ಮುರಿದು, ಕೀಲಿಗಳ ಹಿಡಿತ ಸಡಿಲವಾಗುತ್ತದೆ. ಮಿಕ್ಕ ಮೊಳೆಗಳ ತಲೆಗಳನ್ನೂ ಕೆತ್ತಿ ಹಾಕಿ, ಅವುಗಳ ಜಾಗದಲ್ಲಿ ಸಣ್ಣ ಭೈರಿಗೆಯಿಂದ ರಂಧ್ರ ಕೊರೆದು, ಎರಡು ಮಿಲಿಮೀಟರ್ ದಪ್ಪದ ಬೋಲ್ಟು ನಟ್ಟುಗಳನ್ನು ಬಿಗಿದರೆ ಮಣೆ ಮತ್ತೆ ಗಟ್ಟಿಯಾಗಿ ನಿಲ್ಲುತ್ತದೆ. ಒಂದು ದಿನದ ತಾಳ್ಮೆಯ ಕೆಲಸ. ಮಾಡೆಲ್ ಎಫ್ ಆದರೆ ತಗಡುಗಳ ನಡುವಿನ ಸ್ಪಂಜು ಪುಡಿಯಾಗಿರುತ್ತದೆ. ಅದನ್ನು ಕೆರೆದು ತೆಗೆದು ಹೊಸದನ್ನು ಕತ್ತರಿಸಿ ಹಾಸಬೇಕು.

ಬಿಡಿಭಾಗಗಳಿಂದ ಹೊಸ ಮಣೆಯನ್ನೇ ಕಟ್ಟುವ ಸಾಹಸ ಆಲ್ಪ್ಸ್ ಸ್ವಿಚ್ಚುಗಳದು. ಒಡೆದ ಪೆಟ್ಟಿಗೆಯ, ತಂತಿ ಹರಿದ ಆಪಲ್ ಮಣೆಯೊಂದು ಸಿಕ್ಕಿತೆನ್ನೋಣ. ಪ್ರತಿಯೊಂದು ಸ್ವಿಚ್ಚನ್ನೂ ಅದರ ಎರಡು ಕಾಲುಗಳಲ್ಲಿ ಬೆಸುಗೆ ಹಾಕಿ ಹಲಗೆಗೆ ಕೂರಿಸಿರುತ್ತಾರೆ. 105 ಸ್ವಿಚ್ಚೆಂದರೆ 210 ಬೆಸುಗೆಗಳು. ಕಾದ ಕಡ್ಡಿಯ ತುದಿಯನ್ನು ಮುಟ್ಟಿಸಿ, ಬೆಸುಗೆ ಕರಗಿದೊಡನೆ ಸಣ್ಣ ಹೀರುಗೊಳವೆಯಿಂದ ಅದನ್ನು ಹೀರಿ ತೆಗೆಯಬೇಕು. ಅರೆಕ್ಷಣ ಹೆಚ್ಚು ಕಾಯಿಸಿದರೆ ಹಲಗೆಯ ತಾಮ್ರದ ಗೆರೆ ಕಿತ್ತುಬರುತ್ತದೆ. ಕಡಿಮೆ ಕಾಯಿಸಿದರೆ ತವರ ಅರ್ಧ ಉಳಿದು ಕಾಲು ಹೊರಡುವುದಿಲ್ಲ. ಬೀದಿಯಲ್ಲಿ ಕಲಾಯಿಯವನು ಹಿತ್ತಾಳೆಯ ಪಾತ್ರೆಯನ್ನು ಕಾಯಿಸಿ, ತವರ ಹರಿಯುವ ಹೊತ್ತನ್ನು ಕಣ್ಣಳತೆಯಿಂದಲೇ ಹಿಡಿಯುತ್ತಿದ್ದುದನ್ನು ಬಲ್ಲ ಹಿರಿಯರಿಗೆ ಈ ಕೆಲಸದ ಸೂಕ್ಷ್ಮ ಅರ್ಥವಾದೀತು. ಹಳೆಯ ಬೆಸುಗೆಯಲ್ಲಿ ತವರದೊಡನೆ ಸೀಸವೂ ಇರುತ್ತದೆ. ಕಿಟಕಿ ತೆರೆದಿರಬೇಕು, ಊಟದ ಮೇಜು ದೂರವಿರಬೇಕು, ಕೆಲಸ ಮುಗಿದ ಮೇಲೆ ಕೈ ತೊಳೆಯಬೇಕು. ಚಿಕ್ಕ ಮಕ್ಕಳನ್ನು ಹತ್ತಿರ ಬಿಡಲೇಬಾರದು.

ಕಿತ್ತ ಸ್ವಿಚ್ಚಿನ ಒಳಗೆ ಒಂದು ಜಾರುಗೀಲಿ, ಒಂದು ಸ್ಪ್ರಿಂಗು, ಬೆರಳಿಗೆ ಏರುತಗ್ಗಿನ ಅನುಭವ ಕೊಡುವ ತೆಳು ಲೋಹದ ಎಲೆ, ವಿದ್ಯುತ್ ಸಂಪರ್ಕದ ಒಂದು ಪುಟ್ಟ ಪಟ್ಟಿ. ಆಲ್ಪ್ಸ್ ಸ್ವಿಚ್ಚಿನ ಪರಮ ಶತ್ರು ಧೂಳು. ಮೂವತ್ತು ವರ್ಷ ಕಚೇರಿಯ ಮೂಲೆಯಲ್ಲಿ ಬಿದ್ದುದರ ಜಾರುಗೀಲಿ, ಮರಳು ಬಿದ್ದ ಬಾಗಿಲ ಚಿಲಕದಂತೆ ಕಿರುಗುಟ್ಟುತ್ತದೆ. ಎಣ್ಣೆ ಬಿಟ್ಟರಾಯಿತು ಎಂದು ತೋರುವುದು ಸಹಜ. ಆದರೆ ಎಣ್ಣೆ ಇನ್ನಷ್ಟು ಧೂಳನ್ನು ಸೆಳೆದು ಅಂಟಾಗುತ್ತದೆ. ಆದಕಾರಣ ಎಲ್ಲವನ್ನೂ ಬಿಚ್ಚಿ ತೊಳೆದು, ಚೆನ್ನಾಗಿ ಒಣಗಿಸಿ, ಬೇಕಾದರೆ ಒಣ ಜಾರುಪುಡಿಯನ್ನು ಮಾತ್ರ ಲೇಪಿಸುತ್ತಾರೆ. ಅನಂತರ ಒಂದೊಂದನ್ನೂ ಬೆರಳಿನಲ್ಲಿ ಒತ್ತಿ ನೋಡಿ ವಿಂಗಡಿಸುವುದು. ಹೆಚ್ಚು ಬಳಕೆಯಾದ ಅಕ್ಷರಗಳ ಸ್ವಿಚ್ಚುಗಳು ಸವೆದಿರುತ್ತವೆ; ಯಾರೂ ಒತ್ತದ ಮೂಲೆಯ ಕೀಲಿಗಳದು ಹೊಸದರಂತೆಯೇ ಇರುತ್ತದೆ. 61 ಕೀಲಿಗಳ ಚಿಕ್ಕ ಮಣೆಗೆ 105ರಲ್ಲಿ ಉತ್ತಮವಾದ 61ನ್ನು ಆರಿಸಿ, ಅವುಗಳಲ್ಲಿಯೂ ಶ್ರೇಷ್ಠವಾದುವನ್ನು ಹೆಚ್ಚು ಒತ್ತುವ ಅಕ್ಷರಗಳ ಕೆಳಗೆ ಇಡುತ್ತಾರೆ.

ಕೀಲಿಗಳ ಟೊಪ್ಪಿಗೆಗಳದು ಬೇರೆ ಕಥೆ. ಆಪಲ್ ಮಣೆಯ ಟೊಪ್ಪಿಗೆಗಳು ಪಿಬಿಟಿ ಎಂಬ ಗಟ್ಟಿ ಪ್ಲಾಸ್ಟಿಕ್ಕಿನವು. ಅಕ್ಷರದ ಬಣ್ಣವನ್ನು ಕಾವಿನಿಂದ ಒಳಕ್ಕೆ ಇಳಿಸಿರುವುದರಿಂದ ಉಜ್ಜಿದರೂ ಅಳಿಯದು. ಆದರೆ ಪದಗಳ ನಡುವೆ ತೆರಪು ಬಿಡುವ ಉದ್ದನೆಯ ಕೀಲಿ ಎಬಿಎಸ್ ಎಂಬ ಇನ್ನೊಂದು ಬಗೆಯದು. ಅದು ಬೆಳಕು ತಗುಲಿ ಹಳದಿಗಟ್ಟಿರುತ್ತದೆ. ಹೈಡ್ರೋಜನ್ ಪೆರಾಕ್ಸೈಡಿನಲ್ಲಿ ಅದ್ದಿ ಬಿಸಿಲಿಗಿಟ್ಟರೆ ಬಿಳುಪು ಮರಳುವುದುಂಟು. ಕೈಗವಸಿಲ್ಲದೆ ಆ ದ್ರವವನ್ನು ಮುಟ್ಟಬಾರದು. ಹೋದ ಹಳದಿ ಕೆಲವು ವರ್ಷಗಳಲ್ಲಿ ಮತ್ತೆ ಬರುವುದೂ ಉಂಟು; ಅದನ್ನು ಹಾಗೆಯೇ ಬಿಡುವುದು ಜಾಣತನ.

ಇನ್ನು ಜೋಡಣೆ. ಕೀಲಿಯಿಂದ ಕೀಲಿಗೆ ನಡುವಿನ ದೂರ 19.05 ಮಿಲಿಮೀಟರ್, ಎಂದರೆ ಮುಕ್ಕಾಲು ಅಂಗುಲ. ಈ ಅಳತೆಗೆ ಲೋಹದ ತಗಡಿನಲ್ಲಿ ಚೌಕ ರಂಧ್ರಗಳನ್ನು ಕೊರೆಯಿಸಿ ಸ್ವಿಚ್ಚುಗಳನ್ನು ಕೂರಿಸುತ್ತಾರೆ. ಕೆಳಗಡೆಯ ತಂತಿಯ ಕೆಲಸ ಮಗ್ಗದ ಕೆಲಸದಂತೆ. 61 ಸ್ವಿಚ್ಚಿಗೆ 61 ತಂತಿ ಎಳೆದರೆ ಅದು ಹಕ್ಕಿಯ ಗೂಡಾದೀತು. ಅದರ ಬದಲು ಹಾಸು ಹೊಕ್ಕಿನ ರೀತಿಯಲ್ಲಿ ಐದು ಅಡ್ಡ ಸಾಲು, ಹದಿನಾಲ್ಕು ಕಂಬಸಾಲು, ಒಟ್ಟು 19 ತಂತಿ. ಪ್ರತಿಯೊಂದು ಕೀಲಿಯೂ ಒಂದು ಹಾಸೂ ಒಂದು ಹೊಕ್ಕೂ ಕೂಡುವ ಗಂಟು. ಹೆಬ್ಬೆರಳಗಲದ ಒಂದು ಪುಟ್ಟ ಗಣಕವು ಕ್ಷಣಕ್ಕೆ ನೂರಾರು ಸಲ ಸಾಲುಗಳನ್ನು ಒಂದರ ಮೇಲೊಂದರಂತೆ ತಟ್ಟಿ, ಯಾವ ಗಂಟು ಬಿಗಿದಿದೆ ಎಂದು ವಿಚಾರಿಸುತ್ತದೆ.

ಇಲ್ಲಿ ಒಂದು ಭೂತಚೇಷ್ಟೆಯಿದೆ. ಆಯತದ ಮೂರು ಮೂಲೆಗಳ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ವಿದ್ಯುತ್ತು ಬಳಸುದಾರಿ ಹಿಡಿದು, ಒತ್ತದ ನಾಲ್ಕನೆಯ ಮೂಲೆಯನ್ನೂ ಒತ್ತಿದಂತೆ ತೋರಿಸುತ್ತದೆ. ಅದನ್ನು ತಡೆಯಲು ಪ್ರತಿಯೊಂದು ಸ್ವಿಚ್ಚಿಗೂ ಒಂದು ಡಯೋಡನ್ನು ಬೆಸೆಯಬೇಕು. ಅದು ವಿದ್ಯುತ್ತನ್ನು ಒಂದೇ ದಿಕ್ಕಿಗೆ ಬಿಡುವ ಏಕಮುಖ ಬಾಗಿಲು. ಅಕ್ಕಿಕಾಳಿನಷ್ಟಿರುವ ಈ ಡಯೋಡುಗಳು ಬೆಂಗಳೂರಿನ ಸಾದರ್ ಪತ್ರಪ್ಪ ರಸ್ತೆಯಂಥ ಕಡೆ ಹಿಡಿಗಟ್ಟಲೆ ಸಿಕ್ಕುತ್ತವೆ. ಇನ್ನೊಂದು ತೊಂದರೆ, ಲೋಹದ ಸಂಪರ್ಕ ಕೂಡುವಾಗ ಚೆಂಡಿನಂತೆ ಕೆಲವು ಸಲ ಪುಟಿಯುವುದು. ಸಾವಿರದ ಐದು ಭಾಗ ಸೆಕೆಂಡಿನಷ್ಟು ಕಾದು ಆಮೇಲೆ ನಂಬುವಂತೆ ಪುಟ್ಟ ಗಣಕಕ್ಕೆ ಹೇಳಿಕೊಟ್ಟರೆ ‘ಅ’ ಒತ್ತಿದಾಗ ‘ಅಅ’ ಬೀಳುವುದು ತಪ್ಪುತ್ತದೆ.

ಕೀಲಿಯ ಮೇಲೆ ಇಂಗ್ಲಿಷ್ ಅಕ್ಷರಗಳಷ್ಟೇ ಇರುವ 1987ರ ಟೊಪ್ಪಿಗೆಗಳಿಂದ ಕನ್ನಡ ಬರೆಯಲಾದೀತೆ ಎಂದು ಕೇಳುವವರಿದ್ದಾರೆ. ಧಾರಾಳವಾಗಿ ಆದೀತು. ಕೀಲಿಮಣೆ ಗಣಕಯಂತ್ರಕ್ಕೆ ಅಕ್ಷರವನ್ನು ಕಳುಹಿಸುವುದೇ ಇಲ್ಲ. ಕೀಲಿಯ ಸಂಖ್ಯೆಯನ್ನು ಮಾತ್ರ ಕಳುಹಿಸುತ್ತದೆ. ಇಂಗ್ಲಿಷಿನ ‘ಕೆ’ ಕೀಲಿಯ ಸಂಖ್ಯೆ ಈಗಿನ ಯುಎಸ್‌ಬಿ ಪದ್ಧತಿಯಲ್ಲಿ 14. ಆ ಹದಿನಾಲ್ಕನ್ನು ಏನೆಂದು ಓದಬೇಕೆಂಬುದು ಯಂತ್ರದೊಳಗಿನ ವಿನ್ಯಾಸಕ್ಕೆ ಸೇರಿದ್ದು. ಕನ್ನಡದ ಕೆ. ಪಿ. ರಾವ್ ಅವರು ರೂಪಿಸಿದ ಉಚ್ಚಾರಾನುಸಾರಿ ವಿನ್ಯಾಸದಲ್ಲಿ ಅದು ‘ಕ’ ಆಗುತ್ತದೆ, ಶಿಫ್ಟ್ ಹಿಡಿದರೆ ‘ಖ’. ಒತ್ತಕ್ಷರಕ್ಕೆ ನಡುವೆ ‘ಎಫ್’ ಕೀಲಿಯನ್ನು ಒತ್ತಿದರಾಯಿತು. ನುಡಿ ತಂತ್ರಾಂಶದಲ್ಲಿ ಕೈ ಪಳಗಿದವರಿಗೆ ಇದು ಹೊಸದಲ್ಲ. ಕನ್ನಡದ ಅಷ್ಟು ದೊಡ್ಡ ಅಕ್ಷರ ಸಂಸಾರವನ್ನು 26 ಕೀಲಿಗಳ ಮನೆಯಲ್ಲಿ ಜಗಳವಿಲ್ಲದೆ ಕೂರಿಸಿದ ಈ ವಿನ್ಯಾಸದ ಜಾಣ್ಮೆಗೆ ಸಲ್ಲಬೇಕಾದಷ್ಟು ಗೌರವ ಸಂದಿಲ್ಲವೆಂದೇ ಹೇಳಬೇಕು. ಕೆಂಟಕಿಯ ಸ್ಪ್ರಿಂಗಾಗಲಿ ಜಪಾನಿನ ಸ್ವಿಚ್ಚಾಗಲಿ, ಯಾವ ತಿದ್ದುಪಡಿಯೂ ಇಲ್ಲದೆ ಕನ್ನಡವನ್ನು ಬರೆಯುತ್ತದೆ.

ನಮ್ಮ ದೇಶದಲ್ಲಿ ಐಬಿಎಂ, ಆಪಲ್ ಮಣೆಗಳು ಸುಲಭವಾಗಿ ಸಿಕ್ಕುವುದಿಲ್ಲ ಎಂಬುದು ನಿಜ. ಆದರೆ ಬ್ಯಾಂಕುಗಳ ಮತ್ತು ಅಂಗಡಿಗಳ ಬಿಲ್ಲಿನ ಮೇಜಿನ ಮೇಲೆ ಟಕಟಕನೆ ಸದ್ದು ಮಾಡುತ್ತಿದ್ದ ಟಿವಿಎಸ್ ಗೋಲ್ಡ್ ಕೀಲಿಮಣೆಗಳನ್ನು ಕಾಣದವರು ಕಡಿಮೆ. ಅವುಗಳ ಒಳಗೆ ಚೆರ್ರಿಯ ನೀಲಿ ಸ್ವಿಚ್ಚುಗಳಿದ್ದುವು. ಅಕ್ಷರ ಮಾಸಿದುದಕ್ಕೆ, ತಂತಿ ಕೆಟ್ಟುದಕ್ಕೆ ಅವನ್ನು ಮೂಲೆಗೆಸೆದ ಕಚೇರಿಗಳು ಎಷ್ಟೋ. ಸ್ವಿಚ್ಚುಗಳು ಮಾತ್ರ ಬಹುಪಾಲು ಗಟ್ಟಿಯಾಗಿಯೇ ಇರುತ್ತವೆ. ಮೊದಲ ಸಲ ಬೆಸುಗೆ ಬಿಡಿಸುವವರು ಕೈ ಪಳಗಿಸಿಕೊಳ್ಳಲು ಇದಕ್ಕಿಂತ ಯೋಗ್ಯವಾದುದು ಬೇರೆಯಿಲ್ಲ.

ಈ ಹವ್ಯಾಸದೊಳಗೆ ಒಂದು ಕಹಿಯೂ ಇದೆ. 1970ರ ದಶಕದಲ್ಲಿ ಬೃಹತ್ ಗಣಕಯಂತ್ರಗಳಿಗೆ ಸೇರಿದ ಪರದೆ ಮತ್ತು ಕೀಲಿಮಣೆಯ ಜೋಡಿಗಳು ಬಂದುವು. ಐಬಿಎಂನ 3278 ಅಂಥದೊಂದು. ಅದರ ಕೀಲಿಮಣೆಯ ಸ್ಪರ್ಶ ಮಾಡೆಲ್ ಎಫ್‌ಗಿಂತಲೂ ಮಿಗಿಲೆಂದು ಬಲ್ಲವರು ಹೇಳುತ್ತಾರೆ. ಹಾಗಾಗಿ ಗುಜರಿಯವರು ಕೀಲಿಮಣೆಯನ್ನು ಮಾತ್ರ ಒಳ್ಳೆಯ ಬೆಲೆಗೆ ಮಾರಿ, ಭಾರವಾದ ಪರದೆಯನ್ನು ಒಡೆದುಬಿಡುತ್ತಾರೆ. ಉಳಿದ ಪರದೆಗಳಿಗೆ ಕೀಲಿಮಣೆಯಿಲ್ಲ. ಬೇರೆ ಮಣೆಯನ್ನು ಜೋಡಿಸೋಣವೆಂದರೆ ಕೊಂಡಿಯೂ ಭಾಷೆಯೂ ಹೊಂದುವುದಿಲ್ಲ. ಹಳೆಯ ಗಣಕಯಂತ್ರಗಳನ್ನು ಇಡಿಯಾಗಿ ಉಳಿಸಿ, ನಡೆಸಿ ತೋರಿಸಬೇಕೆಂದು ಶ್ರಮಿಸುವವರಿಗೆ ಇದು ಬಹಳ ನೋವಿನ ಸಂಗತಿ. ವೀಣೆಯನ್ನು ಒಡೆದು ಬಿರಡೆಯನ್ನು ಮಾತ್ರ ಕೊಂಡುಹೋದಂತಾಯಿತು ಎಂಬುದು ಅವರ ದೂರಿನ ಸಾರ. ಕೀಲಿಮಣೆಯ ಹವ್ಯಾಸಿಗಳ ವಾದವೂ ಸುಳ್ಳಲ್ಲ: ತಾವು ಕೊಳ್ಳದಿದ್ದರೆ ಪರದೆಯೊಡನೆ ಮಣೆಯೂ ಕರಗಿಸುವ ಕುಲುಮೆಗೆ ಹೋಗುತ್ತಿತ್ತು ಎನ್ನುತ್ತಾರೆ.

ಎರಡು ಮಾತಿನಲ್ಲಿ ಯಾವುದು ಹೆಚ್ಚು ತೂಕದ್ದು? ಗುಜರಿಯ ರಾಶಿಯಿಂದ ಎತ್ತಿ ತಂದುದಕ್ಕೆ ಎರಡನೆಯ ವಾದ ಸಲ್ಲುತ್ತದೆ. ಆದರೆ ಇಡಿಯಾಗಿ ಕೆಲಸ ಮಾಡುತ್ತಿರುವ ಅಪರೂಪದ ಮಣೆಯನ್ನು ಅದರ ಟೊಪ್ಪಿಗೆಗಳ ಆಸೆಗಾಗಿ, ಸ್ವಿಚ್ಚುಗಳ ಆಸೆಗಾಗಿ ಬಿಚ್ಚುವವರೂ ಇದ್ದಾರೆ. ಅವರಿಗೆ ಆ ವಾದವನ್ನು ಹೂಡುವ ಹಕ್ಕಿಲ್ಲ. ಎಂಐಟಿಯ ಜಾನ್ ಕುಲ್ಪ್ ರೂಪಿಸಿದ, ಏಳು ಬಗೆಯ ಶಿಫ್ಟ್ ಕೀಲಿಗಳಿದ್ದ ಸ್ಪೇಸ್ ಕೆಡೆಟ್ ಎಂಬ ಕೀಲಿಮಣೆಯಂಥದನ್ನು ಯಾರಾದರೂ ಬಿಡಿಭಾಗಕ್ಕಾಗಿ ಒಡೆದರೆ, ಅದು ಬೆಸುಗೆ ಕಡ್ಡಿ ಹಿಡಿದವರ ಜಾಣ್ಮೆಯೆನಿಸದು. ಈಗಾಗಲೇ ಮುರಿದುದನ್ನು ಮಾತ್ರ ಬಿಚ್ಚಬೇಕೆಂಬ ನಿಯಮವನ್ನು ಹಳಬರಲ್ಲಿ ಅನೇಕರು ತಾವಾಗಿಯೇ ಪಾಲಿಸುತ್ತಾರೆ. ಹೊಸಬರಿಗೆ ಮೊದಲು ಕಲಿಸಬೇಕಾದುದು ಬೆಸುಗೆಯಲ್ಲ, ಇದು.

ಮಾಡೆಲ್ ಎಂ ವಿಷಯದಲ್ಲಿ ಈ ಚಿಂತೆ ಅಷ್ಟಾಗಿ ಇಲ್ಲ. ಐಬಿಎಂ 1991ರಲ್ಲಿ ತನ್ನ ಲೆಕ್ಸಿಂಗ್ಟನ್ ವಿಭಾಗವನ್ನು ಲೆಕ್ಸ್‌ಮಾರ್ಕ್ ಎಂಬ ಹೆಸರಿನಲ್ಲಿ ಬೇರ್ಪಡಿಸಿತು. ಲೆಕ್ಸ್‌ಮಾರ್ಕಿನವರು 1996ರಲ್ಲಿ ಕೀಲಿಮಣೆಯ ತಯಾರಿಕೆಯನ್ನು ಬಿಟ್ಟಾಗ ಅದೇ ಊರಿನ ಯೂನಿಕಾಂಪ್ ಎಂಬ ಸಂಸ್ಥೆ ಆ ಯಂತ್ರೋಪಕರಣಗಳನ್ನು ಕೊಂಡಿತು. ಬಾಗುವ ಸ್ಪ್ರಿಂಗಿನ ಮಣೆಗಳು ಅಲ್ಲಿ ತಯಾರಾಗುತ್ತ ಬಂದಿವೆ. ಮುರಿದುದಕ್ಕೆ ಬಿಡಿಭಾಗವೂ ಸಿಕ್ಕುತ್ತದೆ. ಆಲ್ಪ್ಸ್ ಸ್ವಿಚ್ಚುಗಳಿಗೆ ಆ ಭಾಗ್ಯವಿಲ್ಲ. ಮೂಲ ಕಂಪನಿ ಅವುಗಳ ತಯಾರಿಕೆಯನ್ನು ನಿಲ್ಲಿಸಿ ಬಹುಕಾಲವಾಯಿತು. ಅನುಕರಣೆಗಳು ಬಂದಿವೆ, ಆದರೆ ಹಳೆಯದರ ನಯ ಅವಕ್ಕೆ ಬಂದಿಲ್ಲವೆಂಬುದು ಸಾಮಾನ್ಯ ಅಭಿಪ್ರಾಯ. ಲೋಕದಲ್ಲಿ ಇರುವಷ್ಟೇ ಇರುವುದು. ಅದರಿಂದಲೇ, ಆಪಲ್ ಮಣೆಯಿಂದ ಕಿತ್ತ 105ರಲ್ಲಿ 61ನ್ನು ಬಳಸಿದವರು ಮಿಕ್ಕ ನಲವತ್ತು ಚಿಲ್ಲರೆ ಸವೆದ ಸ್ವಿಚ್ಚುಗಳನ್ನೂ ಎಸೆಯುವುದಿಲ್ಲ. ಸವೆದುದರಲ್ಲಿಯೂ ಸ್ಪ್ರಿಂಗು ಚೆನ್ನಾಗಿರಬಹುದು, ಒಂದರ ಎಲೆ ಇನ್ನೊಂದಕ್ಕೆ ಹೊಂದಬಹುದು. ಅವನ್ನು ಧೂಳು ಹೋಗದ ಡಬ್ಬಿಯಲ್ಲಿ ತುಂಬಿ, ಯಾವ ಮಣೆಯಿಂದ ಬಂದುದೆಂದು ಚೀಟಿ ಬರೆದು ಅಂಟಿಸಿ, ಬೀರುವಿನಲ್ಲಿ ಇಟ್ಟುಕೊಳ್ಳುತ್ತಾರೆ.